ಸ್ಟೋರಣ್ಣನ ಏಳನೆಯ ನಿಯಮ

ಆ ಶುಕ್ರವಾರ ಸಂಜೆ ಮಸ್ಕತ್ತಿನ ಅಲ್ ಗುಬ್ರಾದ ನಮ್ಮ ಫ್ಲ್ಯಾಟಿನ ಹಾಲಿನಲ್ಲಿ ಇದ್ದವರು ನಾಲ್ಕೇ ಜನ. ಪ್ಲಾಂಟಿನ ಡ್ಯೂಟಿ ಮುಗಿಸಿ ಬಂದು ಸೋಫಾದಲ್ಲಿ ಕೂತಲ್ಲೇ ತೂಕಡಿಸುತ್ತಿದ್ದ ನನ್ನ ಗಂಡ, ಊಟದ ಮೇಜಿನ ತುಂಬ ಶಾಲೆಯ ಪುಸ್ತಕ ಹರಡಿಕೊಂಡು ಯಾರು ಏನು ಕೇಳಿದರೂ ಇಂಗ್ಲಿಷಿನಲ್ಲೇ ಉತ್ತರ ಕೊಡುತ್ತಿದ್ದ ಮಗಳು, ಅವಲಕ್ಕಿಗೆ ಒಗ್ಗರಣೆ ಹಾಕುತ್ತಿದ್ದ ನಾನು, ಮತ್ತೆ ಬಾಗಿಲ ಹತ್ತಿರದ ಪ್ಲಾಸ್ಟಿಕ್ ಕುರ್ಚಿಯ ತುದಿಯಲ್ಲಿ, ಇನ್ನೇನು ಎದ್ದುಬಿಡುತ್ತೇನೆ ಅನ್ನುವ ಹಾಗೆ ಕೂತಿದ್ದ ಅವರು. ಹದಿನೈದು ವರ್ಷದಲ್ಲಿ ಅವರು ನಮ್ಮ ಸೋಫಾದ ಮೇಲೆ ಕೂತದ್ದನ್ನು ನಾನು ನೋಡಿಲ್ಲ. ಆ ದಿನ ಮೊಣಕಾಲ ಮೇಲೆ ಒಂದು ಫೈಲು ಇತ್ತು. ಅದರ ಮೇಲೆ ಎರಡೂ ಕೈ ಇಟ್ಟುಕೊಂಡಿದ್ದರು, ಗಾಳಿಗೆ ಹಾರಿಹೋಗುತ್ತದೋ ಎಂಬಂತೆ.

"ಸಾರ್, ನಿಮ್ಮ ಮನೆಯದ್ದು ಒಂದು ಓಟು. ಬಳಗದ ಏಳನೆಯ ನಿಯಮ ತೆಗೆಯುದು 'ಬೇಡ' ಅಂತ ಹಾಕಿ," ಅಂದರು ನನ್ನ ಗಂಡನಿಗೆ. "ನಾನು ಈವರೆಗೆ ಯಾರ ಹತ್ರವೂ ಏನೂ ಕೇಳಿದವನಲ್ಲ. ಗೊತ್ತುಂಟಲ್ಲ ನಿಮಗೆ."

ಗೊತ್ತಿತ್ತು. ಗೊತ್ತಿದ್ದದ್ದರಿಂದಲೇ ನನ್ನ ಗಂಡ ಕಣ್ಣು ತಗ್ಗಿಸಿ, "ನೋಡೋಣ ಅಣ್ಣ," ಅಂದುಬಿಟ್ಟರು.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೂ ಮಸ್ಕತ್ತಿನ ನಮ್ಮ ಕನ್ನಡದವರಲ್ಲಿ ಅರ್ಧ ಜನಕ್ಕೆ ಗುರುತು ಹತ್ತಲಿಕ್ಕಿಲ್ಲ. ಎಲ್ಲರಿಗೂ ಅವರು ಸ್ಟೋರಣ್ಣ. ಉಡುಪಿ ಕಡೆಯವರು. ವಾದಿ ಕಬೀರಿನ ಒಂದು ಕಂಪನಿಯಲ್ಲಿ ಗಾಡಿಗಳ ಬಿಡಿಭಾಗದ ಸ್ಟೋರ್ ಕೀಪರ್ ಆಗಿ ಮೂವತ್ತು ವರ್ಷ ಕಳೆದವರು. ಹೆಂಡತಿ ತೀರಿಹೋಗಿ, ಮಗಳ ಮದುವೆಯಾಗಿ, ಒಂದು ಕೋಣೆ, ಒಂದು ಹಳೆಯ ಕಾರು, ಒಂದು ಕುಚ್ಚಲಕ್ಕಿ ಬೇಯಿಸುವ ಪಾತ್ರೆ, ಇಷ್ಟರಲ್ಲಿ ಬದುಕಿದ್ದರು.

ಒಮ್ಮೆ ನಮ್ಮ ಕಾರಿನ ಕಿಟಕಿಯ ಗಾಜು ಮೇಲೇಳದೆ ಹೋದಾಗ ಅವರ ಸ್ಟೋರಿಗೆ ಹೋಗಿದ್ದೆ. ಮಾಳಿಗೆಯವರೆಗೂ ಕಬ್ಬಿಣದ ಕಪಾಟು. ಒಂದೊಂದು ಸಾಮಾನಿಗೂ ಕಂದು ರಟ್ಟಿನ ಲೇಬಲ್ಲು, ಅದಕ್ಕೊಂದು ಸೆಣಬಿನ ದಾರ. ಲೇಬಲ್ಲಿನಲ್ಲಿ ಯಾವ ಗಾಡಿಯದು, ಯಾವಾಗ ಬಂತು, ಯಾಕೆ ಬಿಚ್ಚಿದ್ದು ಎಲ್ಲವೂ ಮುತ್ತು ಪೋಣಿಸಿದಂಥ ಅಕ್ಷರದಲ್ಲಿ. ಮೂಲೆಯಲ್ಲಿ ಒಂದು ದೊಡ್ಡ ಡಬ್ಬ ಇತ್ತು, ಅದರ ಮೇಲೆ 'ಗೊತ್ತಿಲ್ಲದ್ದು' ಅಂತ ಬರೆದಿತ್ತು.

"ಇದನ್ನೆಲ್ಲ ಯಾಕೆ ಇಟ್ಟುಕೊಂಡಿದ್ದೀರಿ ಅಣ್ಣ?" ಅಂತ ಕೇಳಿದೆ.

"ಮ್ಯಾನೇಜರೂ ಅದನ್ನೇ ಕೇಳುದು," ಅಂದರು. "ಯಾವ ಗಾಡಿದು ಅಂತ ಗೊತ್ತಾಗುವವರೆಗೆ ಬಿಸಾಡ್ಲಿಕ್ಕಾಗುದಿಲ್ಲ ತಂಗಿ. ಗೊತ್ತಾದ ಮೇಲೆ ಬೇಕಾದ್ರೆ ಬಿಸಾಡುವ."

ಅವರ ಇಡೀ ಸ್ವಭಾವ ಆ ಡಬ್ಬದಲ್ಲಿತ್ತು. ಹೊಸತು ಅಂದರೆ ಅವರ ಮುಖ ಹುಳಿ ತಿಂದಂತಾಗುತ್ತಿತ್ತು. ನಮ್ಮ ಕನ್ನಡ ಬಳಗದ ಗಣಪತಿ ಹಬ್ಬಕ್ಕೆ ಎಲೆಯೂಟ ಬಿಟ್ಟು ನಿಂತು ತಿನ್ನುವ ಊಟ ಮಾಡೋಣ ಅಂದಾಗ ವಿರೋಧಿಸಿದರು. ಪ್ರಾರ್ಥನೆಯನ್ನು ಧ್ವನಿಮುದ್ರಣದಲ್ಲಿ ಹಾಕೋಣ ಅಂದಾಗ ವಿರೋಧಿಸಿದರು. ಹೆಂಗಸರಿಗೂ ಬೇರೆ ಓಟು ಕೊಡೋಣ ಅನ್ನುವ ತಿದ್ದುಪಡಿ ಬಂದಾಗ ಎದ್ದು ನಿಂತು, ಒಂದು ಮನೆಗೆ ಎರಡು ಓಟು ಕೊಟ್ಟರೆ ಚುನಾವಣೆ ಮನೆಯೊಳಗೇ ನಡೆಯುತ್ತದೆ, ಒಂದು ಮನೆ ಒಂದು ಓಟು ಅಂತ ಹಿರಿಯರು ಮಾಡಿದ್ದು ಸುಮ್ಮನೆ ಅಲ್ಲ ಅಂತ ವಾದಿಸಿದರು. ಗೆದ್ದರು ಕೂಡ. ಆ ಸಲ ಎರಡು ತಿಂಗಳು ನಾನು ಅವರ ಜೊತೆ ಮಾತು ಬಿಟ್ಟಿದ್ದೆ. ಅವರು ಮಾತ್ರ ಬರುವುದು ಬಿಡಲಿಲ್ಲ. ಬಂದು, ಅದೇ ಕುರ್ಚಿಯ ತುದಿಯಲ್ಲಿ ಕೂತು, ನಾನು ಮುಖ ಊದಿಸಿಕೊಂಡು ಕೊಟ್ಟ ಚಹಾ ಕುಡಿದು, "ಸಕ್ಕರೆ ಸ್ವಲ್ಪ ಕಡಿಮೆ ಆಯ್ತು, ಇರಲಿ" ಅಂದು ಹೋಗುತ್ತಿದ್ದರು.

ಹೀಗೆ ಎಲ್ಲದಕ್ಕೂ ಬೇಡ ಅನ್ನುವವರು ಇದೊಂದಕ್ಕೂ ಬೇಡ ಅಂದಾಗ ಜನಕ್ಕೆ ಹೊಸದೇನೂ ಅನ್ನಿಸಲಿಲ್ಲ. ಅವರ ದುರದೃಷ್ಟ ಅದು.

ಬಳಗದ ನಿಯಮದ ಪುಸ್ತಕದಲ್ಲಿ ಏಳನೆಯದು ಒಂದೇ ಸಾಲು. 'ನಮ್ಮವರು ಯಾರೇ ಆಸ್ಪತ್ರೆಯಲ್ಲಿದ್ದರೂ ನಮ್ಮ ಮಾತು ತಿಳಿದ ಒಬ್ಬರು ಪಕ್ಕದಲ್ಲಿ ಕೂತಿರತಕ್ಕದ್ದು.' ಬರೆದವರು ಅವರೇ, ನಾವೆಲ್ಲ ಈ ದೇಶಕ್ಕೆ ಬರುವ ಮೊದಲು. ಅದಕ್ಕೊಂದು ಸರದಿಯ ಪಟ್ಟಿ ಇತ್ತು. ಗಂಡಸರು ಕೆಲಸ ಮುಗಿಸಿ ಹೋಗಿ ಕೂರುತ್ತಿದ್ದರು. ಹಗಲು ಹೊತ್ತು ನಾವು ಹೆಂಗಸರು, ಫ್ಲಾಸ್ಕಿನಲ್ಲಿ ಗಂಜಿ ತೆಗೆದುಕೊಂಡು. ಸಂಬಂಧ ಇರಬೇಕಾಗಿರಲಿಲ್ಲ. ಎಷ್ಟೋ ಸಲ ಯಾರ ಪಕ್ಕ ಕೂತಿದ್ದೇವೋ ಅವರ ಮುಖವನ್ನು ಅಲ್ಲೇ ಮೊದಲ ಸಲ ನೋಡಿದ್ದು.

ಆ ವರ್ಷ ಹೊಸ ಅಧ್ಯಕ್ಷರು ಬಂದರು. ಬೆಂಗಳೂರಿನವರು, ಒಂದು ಕಂಪನಿಯಲ್ಲಿ ಸೇಫ್ಟಿ ಅಧಿಕಾರಿ. ಕೆಟ್ಟವರಲ್ಲ, ಇದನ್ನು ಮೊದಲೇ ಹೇಳಿಬಿಡುತ್ತೇನೆ. ಏಳನೆಯ ನಿಯಮ ತೆಗೆದುಹಾಕಿ, ಅದರ ಬದಲು ಏಜೆನ್ಸಿಯಿಂದ ಒಬ್ಬ ತರಬೇತಿಯಾದ ಅಟೆಂಡರನ್ನು ಗೊತ್ತುಮಾಡುವುದು, ಎಲ್ಲರಿಗೂ ಒಂದು ಸಹಾಯವಾಣಿಯ ನಂಬರು ಕೊಡುವುದು ಎಂದು ಅವರು ತಿದ್ದುಪಡಿ ತಂದರು. ಅದಕ್ಕೆ ಕಾರಣವೂ ಇತ್ತು. ಕಾರಣ ನನ್ನ ಗಂಡನೇ. ಹಿಂದಿನ ಚಳಿಗಾಲದಲ್ಲಿ ಯಾರದೋ ಪಕ್ಕ ಸರದಿ ಕೂತು, ಬೆಳಗ್ಗೆ ಕಾರು ಓಡಿಸಿಕೊಂಡು ಬರುವಾಗ ಮಬೇಲಾ ದಾಟಿದ ಮೇಲೆ ಕಣ್ಣು ಮುಚ್ಚಿಹೋಗಿ ಡಿವೈಡರಿಗೆ ಹೊಡೆದಿದ್ದರು. ಕಾರು ಹೋಯಿತು, ಕುತ್ತಿಗೆಯ ಕೆಳಗಿನ ಮೂಳೆ ಮುರಿಯಿತು, ಜೀವ ಉಳಿಯಿತು. ದುಡಿದು ದಣಿದವರನ್ನು ನಿಯಮದ ಹೆಸರಲ್ಲಿ ರಸ್ತೆಗೆ ತಳ್ಳುವುದು ಸರಿಯಲ್ಲ ಎಂದು ಅಧ್ಯಕ್ಷರು ಹೇಳಿದರೆ ಯಾರು ತಾನೇ ಅಲ್ಲ ಅಂದಾರು?

"ರಿಪೇರಿ ಮಾಡಿ," ಅನ್ನುತ್ತಿದ್ದರು ಸ್ಟೋರಣ್ಣ. ರಾತ್ರಿ ಡ್ಯೂಟಿಯವರನ್ನು ಪಟ್ಟಿಯಿಂದ ಬಿಡಿ, ದೂರದವರನ್ನು ಬಿಡಿ, ಸರದಿ ಸಣ್ಣದು ಮಾಡಿ, ನಾಲ್ಕು ಜನ ಸೇರಿ ಒಂದೇ ಕಾರಿನಲ್ಲಿ ಹೋಗಿ. ಆದರೆ ಕೀಳಬೇಡಿ. "ಒಮ್ಮೆ ಕಿತ್ತ ಮೇಲೆ ವಾಪಸ್ ಹಾಕುವವರು ಯಾರೂ ಇಲ್ಲ, ನಾನು ನೋಡಿದ್ದೇನೆ. ಸಂಬಳಕ್ಕೆ ಒಬ್ಬ ಬಂದ ಅಂದ್ರೆ ನಮ್ಮ ಕಾಲು ಆ ಕಡೆ ಹೋಗುದೇ ಇಲ್ಲ."

ಇದೆಲ್ಲ ಬರೀ ಮಾತಿನ ವಾದ ಆಗಿದ್ದರೆ ಅವರು ಮನೆ ಮನೆ ತಿರುಗುತ್ತಿರಲಿಲ್ಲ. ಆದರೆ ಆಗ ಆಸ್ಪತ್ರೆಯಲ್ಲಿ ಒಬ್ಬ ಇದ್ದ. ಕಾರ್ಕಳದ ಕಡೆಯ ವೆಲ್ಡರು, ಮಬೇಲಾದ ಒಂದು ವರ್ಕ್‌ಶಾಪಿನಲ್ಲಿ ಕೆಲಸ. ಎತ್ತರದಿಂದ ಬಿದ್ದು ತಲೆಗೆ ಪೆಟ್ಟಾಗಿತ್ತು. ಇಪ್ಪತ್ತು ವರ್ಷದ ಹಿಂದಿ, ಅರಬಿ ಎಲ್ಲ ಒರೆಸಿಹೋಗಿ ಊರ ಮಾತೊಂದೇ ಉಳಿದಿತ್ತು. ಅವನು ಊರಿನಲ್ಲೇ ಇದ್ದೇನೆ ಅಂದುಕೊಂಡಿದ್ದ. ಉತ್ತರ ಸಿಕ್ಕರೆ ಸುಮ್ಮನಾಗುತ್ತಿದ್ದ, ಸಿಗದಿದ್ದರೆ ನಳಿಗೆ ಕಿತ್ತುಕೊಂಡು ಮಂಚದಿಂದ ಇಳಿಯಲು ಹೋಗುತ್ತಿದ್ದ. ತಲೆಯ ಬಾವು ಇಳಿಯಲು ಇನ್ನೂ ಮೂರು ವಾರ ಬೇಕು, ಆಮೇಲೆ ವಿಮಾನ ಹತ್ತಿಸಬಹುದು ಅಂತ ಡಾಕ್ಟರು ಹೇಳಿದ್ದರು. ಊರಲ್ಲಿ ತಾಯಿ ಕಾಯುತ್ತಿದ್ದಳು.

ನನ್ನ ಸರದಿಯ ದಿನ ನಾನೇ ನೋಡಿದೆ. ನಾನು ಹೋದಾಗ ಸ್ಟೋರಣ್ಣ ತಮ್ಮ ಸರದಿ ಮುಗಿಸಿ ಇನ್ನೂ ಹೊರಟಿರಲಿಲ್ಲ. ವೆಲ್ಡರು ತಟ್ಟನೆ ಕಣ್ಣು ಬಿಟ್ಟು, ಎದ್ದು ಕೂರಲು ಒದ್ದಾಡುತ್ತ, "ಬಾವಿಗೆ ಹಗ್ಗ ಕಟ್ಟಿಯಾಯ್ತಾ?" ಅಂದ.

"ಕಟ್ಟಿಯಾಯ್ತು ಮಾರಾಯ. ಗಟ್ಟಿ ಉಂಟು. ನೀನು ಮಲಗು," ಅಂದರು ಸ್ಟೋರಣ್ಣ, ಅವನ ಎದೆಯ ಮೇಲೆ ಅಂಗೈ ಇಟ್ಟು. ಅವನು ಮಗುವಿನಂತೆ ಮಲಗಿದ.

ಬಾಗಿಲಲ್ಲಿ ನಿಂತಿದ್ದ ಮಲಯಾಳಿ ನರ್ಸ್, ಈ ಅಂಕಲ್ ಇದ್ದರೆ ನಮಗೆ ಇಂಜೆಕ್ಷನ್ನೇ ಬೇಡ ಅಂದಳು.

ಓಟಿಗೆ ಇನ್ನು ಎಂಟು ದಿನ ಇತ್ತು. ಸ್ಟೋರಣ್ಣನ ಕಣ್ಣಿಗೆ ಪೊರೆ ಬಂದು ಸಂಜೆ ಕಾರು ಓಡಿಸಲು ಆಗುತ್ತಿರಲಿಲ್ಲ. ಮನೆ ಮನೆಗೆ ಕರೆದೊಯ್ಯಲು ನನ್ನನ್ನು ಕೇಳಿದರು. ಗಂಡ ಕಾರಿನ ಕೀಲಿ ಕೊಟ್ಟರು. ಎಂಟು ಸಂಜೆ ಗುಬ್ರಾದಿಂದ ಮಬೇಲಾವರೆಗೆ ಅವರನ್ನು ಕೂರಿಸಿಕೊಂಡು ಸುತ್ತಿದೆ. ಒಮ್ಮೆ ಲಿಫ್ಟನ್ನೇ ಮನೆಯ ಬಾಗಿಲು ಅಂದುಕೊಂಡು ಹೊರಗೆ ಚಪ್ಪಲಿ ಬಿಡಲು ಬಗ್ಗಿದರು, ಅಷ್ಟು ಮಂಕಾಗಿದ್ದರು. ಹೋದ ಕಡೆಯೆಲ್ಲ ಚಹಾ, ಎಲ್ಲ ಕಡೆಯೂ 'ನೋಡೋಣ ಅಣ್ಣ'. ಬಾಗಿಲು ತೆಗೆಯುತ್ತಿದ್ದವರು ಹೆಂಗಸರು. ಅವರೆಲ್ಲ ಆ ವೆಲ್ಡರಿಗೆ ಗಂಜಿ ಕುಡಿಸಿದವರು, ಹಗ್ಗ ಕಟ್ಟಿಯಾಯ್ತು ಅಂದವರು. ಮಬೇಲಾದ ಮನೆಯೊಂದರಲ್ಲಿ ಹಾಸನದ ಹೆಂಗಸೊಬ್ಬಳು ಸೊಂಟದ ಮೇಲೆ ಕೈಯಿಟ್ಟು ನಕ್ಕುಬಿಟ್ಟಳು.

"ಅಣ್ಣಾ, ಹೆಂಗಸ್ರಿಗೆ ಓಟು ಬ್ಯಾಡ ಅಂತ ಎದ್ದು ನಿಂತೋರು ನೀವೇ ಅಲ್ವಾ? ಈಗ ನಮ್ಮ ಬಾಗ್ಲಿಗೇ ಬಂದ್ರಲ್ಲ. ನನ್ನ ಕೈಲಿ ಓಟಿದ್ದಿದ್ರೆ ಕಣ್ಣು ಮುಚ್ಕೊಂಡು ನಿಮ್ಗೇ ಹಾಕ್ತಿದ್ದೆ. ನಮ್ಮನೇರು ಹಾಕಲ್ಲ."

ಅವರು "ಹೌದಮ್ಮ. ನಾನೇ," ಅಂದರು. ಮೆಟ್ಟಿಲಿಳಿಯುವಾಗ ಗೋಡೆ ಹಿಡಿದುಕೊಂಡರು.

ಕಾರಿನಲ್ಲಿ ಖಸಬ್‌ನ ಕತೆ ಹೇಳಿದರು. ಬಹಳ ಹಿಂದಿನದು, ಒಮಾನಿನ ಉತ್ತರದ ತುದಿಯದು. ಖಸಬ್‌ನ ಬಂದರಿನಲ್ಲಿ ನಮ್ಮ ಕಡೆಯ ಒಬ್ಬನಿಗೆ ಪಾರ್ಶ್ವವಾಯು ಬಡಿದು, ಸ್ಟೋರಣ್ಣನಿಗೆ ಫೋನು ಬಂತು. ಅವತ್ತು ಸ್ಟೋರಿನಲ್ಲಿ ವರ್ಷದ ಸಾಮಾನು ತಪಾಸಣೆ. ನಾಳೆ ಹೋದರಾಯಿತು ಅಂದುಕೊಂಡರು. ಮಾರನೆಯ ದಿನ ವಿಮಾನದಲ್ಲಿ ಸೀಟಿಲ್ಲ. ರಸ್ತೆಯಲ್ಲಿ ಹೋಗಬೇಕಾದರೆ ನಡುವೆ ಇನ್ನೊಂದು ದೇಶ ದಾಟಬೇಕು, ಅದಕ್ಕೆ ಕಾಗದ ಆಗಬೇಕು. ನಾಲ್ಕನೆಯ ದಿನ ತಲುಪುವಾಗ ಮುಗಿದಿತ್ತು. ನೋಡಿಕೊಂಡಿದ್ದ ಫಿಲಿಪ್ಪೀನಿನ ನರ್ಸ್ ಇವರ ಎದುರು ನಿಂತು ಅತ್ತಳಂತೆ. ಮೂರು ದಿನ ಒಂದೇ ಮಾತು ಹೇಳುತ್ತಿದ್ದ, ನಾವು ನೀರು ಕೊಟ್ಟೆವು, ಕಂಬಳಿ ಕೊಟ್ಟೆವು, ದೀಪ ಹಾಕಿದೆವು, ಆರಿಸಿದೆವು, ಯಾವುದೂ ಅಲ್ಲ, ಕೊನೆಯವರೆಗೂ ಕೇಳುತ್ತಲೇ ಇದ್ದ ಅಂದಳಂತೆ.

"ಅವ ಕೇಳಿದ್ದು ಎಂತ ಅಂತ ಇವತ್ತಿಗೂ ಗೊತ್ತಿಲ್ಲ ತಂಗಿ," ಅಂದರು. "ಸಣ್ಣದೇ ಏನೋ ಇರ್ಬೇಕು. ದೊಡ್ಡದೆಲ್ಲ ಯಾರು ಕೇಳ್ತಾರೆ ಆ ಹೊತ್ತಲ್ಲಿ."

ನಾನು ಕಾರನ್ನು ಬದಿಗೆ ನಿಲ್ಲಿಸಿದೆ. ಇದನ್ನು ಸಭೆಯಲ್ಲಿ ಹೇಳಿ ಅಣ್ಣ, ಇದೊಂದು ಸಾಕು, ಯಾರೂ ಆ ನಿಯಮ ಕೀಳುವುದಿಲ್ಲ ಅಂದೆ. ಅವರು ಒಪ್ಪಲಿಲ್ಲ. ಅಳಿಸಿ ಓಟು ತೆಗೆದುಕೊಳ್ಳಬಾರದು ಅಂದರು. ನಿಯಮ ನಿಯಮವಾಗಿಯೇ ನಿಲ್ಲಬೇಕು ಅಂದರು. ನಾನಾದರೂ ಹೇಳುತ್ತೇನೆ ಅಂದರೆ, ಬೇಡ, ನನ್ನ ಮೇಲೆ ಆಣೆ ಅಂದರು. ತತ್ವ ಅಂತ ಅವರು ಹೇಳಿದರು. ನಾಚಿಕೆ ಅಂತ ನನಗೆ ಅನ್ನಿಸಿತು. ಹಾಗೆ ಅನ್ನಿಸಿದ ಮೇಲೂ ಸುಮ್ಮನಿದ್ದೆ. ಅದು ನನ್ನ ಪಾಲಿನ ತಪ್ಪು.

ಸಭೆ ಒಬ್ಬ ಸದಸ್ಯರ ವಿಲ್ಲಾದ ಹಾಲಿನಲ್ಲಿ ನಡೆಯಿತು. ಹಲ್ವದ ದೊಡ್ಡ ತಗಡಿನ ಡಬ್ಬದ ಮುಚ್ಚಳಕ್ಕೆ ಸೀಳು ಮಾಡಿ ಓಟಿನ ಪೆಟ್ಟಿಗೆ ಮಾಡಿದ್ದರು. ನಾವು ಹೆಂಗಸರು ಅಡುಗೆಮನೆಯಲ್ಲಿ ಗೋಳಿಬಜೆ ಕರಿಯುತ್ತ ಬಾಗಿಲಿನಿಂದ ಇಣುಕುತ್ತಿದ್ದೆವು. ಸ್ಟೋರಣ್ಣ ಎದ್ದು ನಿಂತರು. ಮಾತಾಡಿದ್ದು ತುಂಬ ಚಿಕ್ಕದು. ಈ ನಿಯಮ ಯಾಕಿದೆ ಅಂತ ತಿಳಿಯದೆ ತೆಗೆಯಬೇಡಿ ಅಂದರು. ಹಾಗಾದರೆ ಯಾಕಿದೆ ಹೇಳಿ ಅಣ್ಣ ಅಂತ ಅಧ್ಯಕ್ಷರು ಮರ್ಯಾದೆಯಿಂದಲೇ ಕೇಳಿದರು. ಸ್ಟೋರಣ್ಣ "ಇದೆ, ಕಾರಣ ಇದೆ," ಅಂದು ಕೂತುಬಿಟ್ಟರು. ನನ್ನ ಕೈಯ ಜಾಲರಿ ಸೌಟು ಎಣ್ಣೆಯಲ್ಲೇ ನಿಂತಿತು.

ಮೂರು ಓಟಿನಿಂದ ಸೋತರು.

ಸೋತವರು ಎದ್ದು ಹೋಗುತ್ತಾರೆ ಅಂತ ಎಲ್ಲರೂ ಅಂದುಕೊಂಡಿದ್ದೆವು. ಅವರು ಮುಂದೆ ಬಂದು, "ಖಲಾಸ್. ಓಟು ಅಂದ್ರೆ ಓಟು," ಅಂದು ನಿಯಮದ ಪುಸ್ತಕ ತೆರೆದರು. ಜೇಬಿನಿಂದ ಸಣ್ಣ ಸ್ಕೇಲು ತೆಗೆದು, ಏಳನೆಯ ನಿಯಮದ ಮೇಲೆ ತಾವೇ ನೇರವಾಗಿ ಒಂದು ಗೆರೆ ಎಳೆದರು. ಪಕ್ಕದಲ್ಲಿ ದಿನಾಂಕ ಹಾಕಿ ಸಹಿ ಮಾಡಿದರು.

ಮನೆಗೆ ಬಂದ ಮೇಲೆ ನನ್ನ ಗಂಡ ಬೂಟು ಬಿಚ್ಚುತ್ತ, ತಲೆ ಎತ್ತದೆ ಹೇಳಿದರು. "ನಾನು ತೆಗೀಬೇಕು ಅಂತಲೇ ಹಾಕಿದೆ ಕಣೇ. ಆ ಡಿವೈಡರು ಇನ್ನೂ ಕಣ್ಣ ಮುಂದೆ ಬರುತ್ತೆ. ಅವತ್ತು ನನಗೇನಾದ್ರೂ ಆಗಿದ್ರೆ ನಿಮ್ಮಿಬ್ರ ಪಕ್ಕ ಯಾರು ಕೂರ್ತಿದ್ರು ಹೇಳು."

ನಾನು ಅವರ ಬೂಟು ಎತ್ತಿ ಬಾಗಿಲ ಪಕ್ಕ ಇಟ್ಟೆ.

ಒಬ್ಬ ರೋಗಿಯ ಜೊತೆ ಇರಲು ಆಸ್ಪತ್ರೆಯವರು ಕೊಡುವುದು ಒಂದೇ ಪಾಸು. ಮರುದಿನದಿಂದ ಆ ಪಾಸು ಏಜೆನ್ಸಿಯ ಅಟೆಂಡರಿನ ಕೊರಳಿಗೆ ಹೋಯಿತು. ಅವನು ಬಿಹಾರದವನು, ನಡುವಯಸ್ಸು, ಒಳ್ಳೆಯ ಮನುಷ್ಯ, ಕೆಲಸ ಬಲ್ಲವನು. ನಮಗೆಲ್ಲ ಉಳಿದದ್ದು ಸಂಜೆಯ ಒಂದು ಗಂಟೆಯ ಭೇಟಿ. ಸ್ಟೋರಣ್ಣ ಪಾಸು ಹಂಚಿಕೊಳ್ಳಲು ಆಗುತ್ತದೋ ಅಂತ ಆಸ್ಪತ್ರೆಯ ಕಚೇರಿಗೆ ಹೋದರು. ಅಲ್ಲಿನ ಒಮಾನಿ ಅಧಿಕಾರಿ ಎದ್ದು ನಿಂತು, ಎದೆಯ ಮೇಲೆ ಕೈಯಿಟ್ಟು, ಆಗುವುದಿಲ್ಲ ಬಾಬಾ ಅಂದ. ಮಾರನೆಯ ದಿನ ಮತ್ತೆ ಹೋದರು. ಮೂರನೆಯ ದಿನವೂ ಹೋದರು. ಅಧ್ಯಕ್ಷರಿಗೂ ಫೋನು ಮಾಡಿದ್ದರಂತೆ, ಮೂರು ವಾರಕ್ಕೆ ಮಾತ್ರ, ಇವನೊಬ್ಬನಿಗೆ ಮಾತ್ರ ಅಂತ. ಈಗ ಒಪ್ಪಂದ ಆಗಿಹೋಗಿದೆ ಅಣ್ಣ, ಒಬ್ಬರಿಗೆ ಸಡಿಲ ಮಾಡಿದರೆ ಓಟಿಗೆ ಏನರ್ಥ ಅಂದರಂತೆ ಅವರು. ಸ್ಟೋರಣ್ಣನೇ ಜೀವಮಾನವಿಡೀ ಹೇಳುತ್ತಿದ್ದ ಮಾತು ಅದು.

ಆಗ ಅವರು ಒಂದು ಕೆಲಸ ಮಾಡಿದರು. ವೆಲ್ಡರು ಏನೇನು ಕೇಳುತ್ತಾನೆ, ಅದಕ್ಕೆ ಏನು ಹೇಳಬೇಕು ಅನ್ನುವುದನ್ನು ಹಿಂದಿ ಅಕ್ಷರದಲ್ಲಿ ಬರೆದು ಅಟೆಂಡರಿಗೆ ಕೊಟ್ಟರು. ಹಗ್ಗ ಕಟ್ಟಿಯಾಯ್ತು. ದನ ಕೊಟ್ಟಿಗೆಗೆ ಬಂತು. ಅಮ್ಮ ಮಲಗಿದ್ದಾರೆ. ಗೇಟು ಹಾಕಿದೆ. ಭೇಟಿಯ ಗಂಟೆಯಲ್ಲಿ ಅವನನ್ನು ಕಾರಿಡಾರಿನಲ್ಲಿ ನಿಲ್ಲಿಸಿ ಒಂದೊಂದೂ ಹೇಳಿಸಿದರು. ಆ ಬಿಹಾರದವನು ಪಾಠ ಒಪ್ಪಿಸುವಂತೆ "ದನ ಕೊಟ್ಟಿಗೆಗೆ ಬಂತು" ಅನ್ನುವುದನ್ನು ನಾನೂ ಕೇಳಿದೆ. ಉಳಿದ ಹೊತ್ತು, ಕೆಲಸಕ್ಕೆ ರಜೆ ಹಾಕಿ, ಆಸ್ಪತ್ರೆಯ ಪಾರ್ಕಿಂಗಿನಲ್ಲಿ ತಮ್ಮ ಕಾರಿನ ಬಾಗಿಲು ತೆರೆದುಕೊಂಡು ಕೂತಿರುತ್ತಿದ್ದರು. ಏನಾದರೂ ಗೊತ್ತಾಗದಿದ್ದರೆ ಓಡಿ ಬಂದು ಕೇಳು ಅಂದಿದ್ದರು ಅವನಿಗೆ. ಆ ಬಿಸಿಲಿನಲ್ಲಿ ಅವರ ಅಂಗಿ ಬೆನ್ನಿಗೆ ಅಂಟಿಹೋಗಿರುತ್ತಿತ್ತು. ಮನೆಗೆ ಬನ್ನಿ ಅಣ್ಣ ಅಂದರೆ, ಇಲ್ಲಿ ಗಾಳಿ ಚೆನ್ನಾಗಿದೆ ಅನ್ನುತ್ತಿದ್ದರು.

ಒಂಬತ್ತನೆಯ ದಿನ ಬೆಳಗ್ಗೆ ನಾನು ಅವರಿಗೆ ತಿಂಡಿ ತೆಗೆದುಕೊಂಡು ಹೋದಾಗ ಆ ಅಟೆಂಡರು ಕಾರಿನ ಪಕ್ಕದ ನೆಲದ ಮೇಲೆ ಕೂತು ಅಳುತ್ತಿದ್ದ. ಕೈಯಲ್ಲಿ ಆ ಕಾಗದ ಇತ್ತು. ಬೆಳಗಿನಿಂದ ವೆಲ್ಡರು ಏನೋ ಕೇಳುತ್ತಿದ್ದನಂತೆ. ಇವನು ಕಾಗದದಲ್ಲಿದ್ದದ್ದನ್ನೆಲ್ಲ ಹೇಳಿದನಂತೆ, ಮೇಲಿನಿಂದ ಕೆಳಗೆ, ಮತ್ತೆ ಮೇಲಿನಿಂದ. ಯಾವುದೂ ಅದಲ್ಲ. ಕೊನೆಗೆ ಸ್ಟೋರಣ್ಣನನ್ನು ಕರೆಯೋಣ ಅಂತ ಬಾಗಿಲವರೆಗೆ ಬಂದಿದ್ದಾನೆ, ಅಷ್ಟರಲ್ಲಿ ಹಿಂದೆ ವೆಲ್ಡರು ಮಂಚದಿಂದ ಬಿದ್ದ ಸದ್ದು.

"ಆಪ್ ಕಾ ಲಿಖಾ ಸಬ್ ಬೋಲಾ ಅಂಕಲ್," ಅನ್ನುತ್ತಿದ್ದ. "ವೋ ಕುಛ್ ಔರ್ ಪೂಛ್ ರಹಾ ಥಾ." ನೀವು ಬರೆದದ್ದೆಲ್ಲ ಹೇಳಿದೆ, ಅವನು ಬೇರೇನೋ ಕೇಳುತ್ತಿದ್ದ ಅಂತ.

ಸ್ಟೋರಣ್ಣ ಅವನ ತಲೆಯ ಮೇಲೆ ಕೈಯಿಟ್ಟುಕೊಂಡು ಆಸ್ಪತ್ರೆಯ ಕಿಟಕಿಗಳನ್ನು ನೋಡುತ್ತಿದ್ದರು.

ವೆಲ್ಡರಿನ ದೇಹ ಊರಿಗೆ ಹೋದ ಮೇಲೆ ಒಂದು ಸಂಜೆ ಎಲ್ಲರೂ ಸೇರಿದೆವು. ಅಧ್ಯಕ್ಷರು ಕನ್ನಡಕ ತೆಗೆದು ಮುಖ ಮುಚ್ಚಿಕೊಂಡರು. ಯಾರಾದರೂ ಒಬ್ಬರು 'ನಾನು ಅವತ್ತೇ ಹೇಳಿದ್ದೆ' ಅನ್ನುವುದಿದ್ದರೆ ಅದು ಸ್ಟೋರಣ್ಣ. ಅವರು ಎದ್ದು ಹೋಗಿ ಅಧ್ಯಕ್ಷರ ಪಕ್ಕದಲ್ಲಿ ಕೂತು, ಅವರ ಮೊಣಕಾಲು ತಟ್ಟಿದರು. ನನ್ನ ಗಂಡ ಎದುರಿಗೇ ಇದ್ದರು.

"ತಪ್ಪು ನಿಮ್ಮದಲ್ಲ ಸಾರ್, ನಿಮ್ಮಲ್ಲಿ ಯಾರದ್ದೂ ಅಲ್ಲ," ಅಂದರು. "ಮೂವತ್ತು ವರ್ಷ ಒಂದೊಂದು ನಟ್ಟಿಗೂ ಲೇಬಲ್ ಕಟ್ಟಿದವ ನಾನು. ಆ ನಿಯಮಕ್ಕೆ ಮಾತ್ರ ಕಟ್ಟಲಿಲ್ಲ. ಯಾವ ಗಾಡಿದು ಅಂತ ಗೊತ್ತಿಲ್ಲದೆ ನೀವು ಬಿಸಾಡಿದ್ರಿ. ಗೊತ್ತಿದ್ದವ ಬಾಯಿ ಮುಚ್ಚಿ ಕೂತಿದ್ದೆ."

ಆಮೇಲೆ ಖಸಬ್‌ನ ಕತೆಯನ್ನು ಎಲ್ಲರಿಗೂ ಹೇಳಿದರು. ಸ್ಟೋರಿನ ತಪಾಸಣೆಯ ದಿನವನ್ನೂ ಬಿಡದೆ ಹೇಳಿದರು. ಅಡುಗೆಮನೆಯಲ್ಲಿದ್ದ ನಮ್ಮನ್ನು ಕರೆಸಿ ಮುಂದಿನ ಸಾಲಿನಲ್ಲಿ ಕೂರಿಸಿ ಹೇಳಿದರು.

ಅದಾಗಿ ನಾಲ್ಕು ತಿಂಗಳಿಗೆ ಅವರ ಕೆಲಸ ಒಬ್ಬ ಒಮಾನಿ ಯುವಕನಿಗೆ ಹೋಯಿತು. ಅವನಿಗೆ ಒಂದು ತಿಂಗಳು ಕೂತು ಕಪಾಟು ಕಪಾಟು ತೋರಿಸಿಕೊಟ್ಟು ಊರಿಗೆ ಹೊರಟರು. ವಿಮಾನ ನಿಲ್ದಾಣಕ್ಕೆ ಬಿಟ್ಟುಬಂದದ್ದು ನನ್ನ ಗಂಡ. ದಾರಿಯಲ್ಲಿ ಓಟಿನ ವಿಷಯ ಹೇಳಿಬಿಟ್ಟರಂತೆ. "ಗೊತ್ತಿತ್ತು ಸಾರ್," ಅಂದರಂತೆ. "ನಾನು ನಿಮ್ಮ ಜಾಗದಲ್ಲಿದ್ರೂ ಹಾಗೇ ಹಾಕ್ತಿದ್ದೆ."

ಕಳೆದ ತಿಂಗಳು ಉಡುಪಿಯಲ್ಲಿ ಅವರು ತೀರಿಹೋದರು. ಬೆಳಗ್ಗೆ ಸ್ನಾನ ಮುಗಿಸಿ ಬಂದು ಕುರ್ಚಿಯಲ್ಲಿ ಕೂತವರು ಏಳಲಿಲ್ಲ. ಬಳಗದ ಗುಂಪಿನಲ್ಲಿ ಸುದ್ದಿ ಬಂತು, ಸಾಲಾಗಿ ಕೈಮುಗಿದ ಚಿತ್ರಗಳು ಬಂದವು. ಏಳನೆಯ ನಿಯಮವನ್ನು ಮತ್ತೆ ಸೇರಿಸುವ ಮಾತು ಎರಡು ಸಭೆಯಲ್ಲಿ ಬಂದಿದೆ, ಎರಡು ಸಲವೂ ಮುಂದಕ್ಕೆ ಹೋಗಿದೆ. ಪುಸ್ತಕದಲ್ಲಿ ಅವರು ಎಳೆದ ಗೆರೆ ಹಾಗೇ ಇದೆ.

ಹೋದ ಮಂಗಳವಾರ ನನ್ನ ಗಂಡ ನನ್ನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿ ಕೆಳಗೆ ಕಾರಿನಲ್ಲಿ ಕಾದರು. ಚಾಮರಾಜನಗರದ ಒಬ್ಬ ಮುದುಕಿ, ಮಗನನ್ನು ನೋಡಲು ಬಂದು ಇಲ್ಲಿ ಹಾಸಿಗೆ ಹಿಡಿದಾಕೆ. ಮಗ ಮರುಭೂಮಿಯ ಕೆಲಸದ ಜಾಗದಿಂದ ಬರುವಷ್ಟರಲ್ಲಿ ಭೇಟಿಯ ಸಮಯ ಮುಗಿದಿರುತ್ತದೆ. ನಾನು ಹೋಗಿ ಕೂತೆ. ಸ್ವಲ್ಪ ಹೊತ್ತಿಗೆ ಆಕೆ ಕಣ್ಣು ಬಿಟ್ಟು, "ಕಾಲು ತಣ್ಣಗಾಯ್ತಾ ಅದೆ ಕನವ್ವ," ಅಂದಳು. ಕಂಬಳಿಯನ್ನು ಕೆಳಗೆಳೆದು ಎರಡೂ ಪಾದ ಸುತ್ತಿ ಒತ್ತಿದೆ. ಆಕೆ ಮತ್ತೇನೂ ಕೇಳಲಿಲ್ಲ. ಹೊತ್ತು ಮುಗಿಯಿತು ಅಂತ ನರ್ಸ್ ಬಂದು ಭುಜ ಮುಟ್ಟುವವರೆಗೆ ಕೂತಿದ್ದೆ.